ಕೈ ಜಿಪಿಎಸ್ ರಿಸೀವರನ್ನು ಬೇಸ್ ಸ್ಟೇಷನ್ನಾಗಿ ನಿಲ್ಲಿಸುವ ಕ್ರಮ

ಪುಣೆಯ ಸುತ್ತಮುತ್ತ ಕೆರೆ, ಬಾವಿ, ಜಮೀನುಗಳ ಅಳತೆಗೆ ಓಡಾಡುವ ನಮ್ಮ ಕನ್ನಡದ ಹುಡುಗರಿಗೆ ದುಬಾರಿ ಸರ್ವೇ ಉಪಕರಣ ಸುಲಭವಾಗಿ ಸಿಗುವುದಿಲ್ಲ. ಎರಡು ಕೈ ಜಿಪಿಎಸ್‌ಗಳಿದ್ದರೆ, ಒಂದನ್ನು (ಬೇಸ್) ಸ್ಥಾನ ಗೊತ್ತಿರುವ ಬಿಂದುವಿನ ಮೇಲೆ ಕದಲದಂತೆ ನಿಲ್ಲಿಸಿ, ಅಲ್ಲಿ ಕಂಡುಬರುವ ದೋಷವನ್ನು ಅಳತೆಗೆ ಒಯ್ಯುವ ಇನ್ನೊಂದರ (ರೋವರ್) ಅಳತೆಯಿಂದ ಕಳೆಯಬಹುದು. ಉಪಗ್ರಹದ ಗಡಿಯಾರ, ಕಕ್ಷೆ ಮತ್ತು ಅಯಾನುಗೋಳದಿಂದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಬರುವ ದೋಷಗಳು ಹತ್ತಿರದ ಎರಡು ರಿಸೀವರ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇದು ಸಾಧ್ಯವಾಗುತ್ತದೆ.

ರಿಸೀವರ್ ಕಚ್ಚಾ ದತ್ತಾಂಶವನ್ನು, ಅಂದರೆ ಪ್ರತಿ ಉಪಗ್ರಹದ ದೂರದ ಅಳತೆಯನ್ನು, ದಾಖಲಿಸುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಅಕ್ಷಾಂಶ, ರೇಖಾಂಶಗಳನ್ನು ಮಾತ್ರ ಕೊಡುವ ಸಾಧನ ಈ ಕೆಲಸಕ್ಕೆ ಬಾರದು. ಎರಡೂ ಕಡೆ ಬೇರೆಬೇರೆ ಉಪಗ್ರಹಗಳು ಲೆಕ್ಕಕ್ಕೆ ಸೇರಿದಾಗ ಸ್ಥಾನದಿಂದ ಸ್ಥಾನವನ್ನು ಕಳೆದು ಪ್ರಯೋಜನವಿಲ್ಲ.

ಇಡೀ ಕೆಲಸದ ಭಾರ ಬೇಸ್ ಬಿಂದುವಿನ ನಿರ್ದೇಶಾಂಕದ ಮೇಲಿದೆ. ಅದರಲ್ಲಿ ಎರಡು ಮೀಟರ್ ತಪ್ಪಿದರೆ ನೀವು ಅಳೆದ ಎಲ್ಲ ಬಿಂದುಗಳೂ ಅದೇ ದಿಕ್ಕಿಗೆ ಎರಡು ಮೀಟರ್ ಸರಿಯುತ್ತವೆ. ಸರ್ವೇ ಆಫ್ ಇಂಡಿಯಾದ ಕಾರ್ಸ್ ಜಾಲ, ಅಂದರೆ ಸದಾ ದಾಖಲಿಸುತ್ತಿರುವ ಸ್ಥಿರ ಬೇಸ್ ಕೇಂದ್ರಗಳ ಜಾಲ, ಮಹಾರಾಷ್ಟ್ರದಲ್ಲಿಯೂ ಇದೆ. ಅದರ ನೆರವಿನಿಂದ ನಿಮ್ಮ ಬಿಂದುವನ್ನು ನಿರ್ಧರಿಸಿಕೊಳ್ಳುವುದು ಉತ್ತಮ. ಎವರೆಸ್ಟ್ ದೀರ್ಘಗೋಳವನ್ನು (ಭೂಮಿಯ ಆಕಾರದ ಒಂದು ಗಣಿತ ಮಾದರಿ) ಆಧರಿಸಿದ ಹಳೆಯ ನಕ್ಷೆಗಳ ನಿರ್ದೇಶಾಂಕವನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ವ್ಯವಸ್ಥೆಗೆ ಪರಿವರ್ತಿಸದೆ ಬಳಸಬಾರದು. ಎತ್ತರದಲ್ಲಿ ಇನ್ನೂ ಎಚ್ಚರ ಬೇಕು: ಜಿಪಿಎಸ್ ಲೆಕ್ಕ ಹಾಕುವ ದೀರ್ಘಗೋಳದ ಎತ್ತರ ಪುಣೆಯಲ್ಲಿ ಸಮುದ್ರಮಟ್ಟದಿಂದ ಎಣಿಸಿದ ಎತ್ತರಕ್ಕಿಂತ ಸುಮಾರು 60 ಮೀಟರ್ ಕಡಿಮೆ ಇರುತ್ತದೆ.

ತಾರಸಿಯ ಮೇಲೆ ನಿಲ್ಲಿಸುವುದಾದರೆ ನೀರಿನ ಟ್ಯಾಂಕ್, ತಗಡಿನ ಚಾವಣಿ ಮತ್ತು ಪ್ಯಾರಾಪೆಟ್ ಗೋಡೆಗಳಿಂದ ದೂರವಿರಬೇಕು. ಅವುಗಳಿಗೆ ತಾಗಿ ಮರಳುವ ಸಂಕೇತದ ದೋಷ ಬೇಸ್‌ನಲ್ಲಷ್ಟೇ ಇರುವುದರಿಂದ ಅದು ಕಳೆದುಹೋಗದೆ ಉಳಿದ ಅಳತೆಗಳಿಗೂ ದಾಟುತ್ತದೆ. ಟ್ರೈಪಾಡಿನಿಂದ ತೂಗುಗುಂಡು ಇಳಿಬಿಟ್ಟು, ಅದರ ಮೊನೆ ಗುರುತಿನ ಮೇಲೆ ಅಲುಗಾಡದೆ ನಿಂತ ನಂತರ ಗುರುತಿನಿಂದ ಆಂಟೆನಾದವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದಿಡಿ. ಚಪ್ಪಟೆ ಆಂಟೆನಾ ಇರುವ ಸಾಧನವನ್ನು ಆಕಾಶಕ್ಕೆ ಮುಖಮಾಡಿ ಮಲಗಿಸಬೇಕು, ಸುರುಳಿ ಆಂಟೆನಾ ಇದ್ದರೆ ನೆಟ್ಟಗೆ ನಿಲ್ಲಿಸಬೇಕು.

ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡಿ, ಪವರ್ ಬ್ಯಾಂಕ್ ಜೋಡಿಸಿ, ಎರಡೂ ರಿಸೀವರ್‌ಗಳಲ್ಲಿ ಒಂದು ದಾಖಲೆಯಿಂದ ಮುಂದಿನ ದಾಖಲೆಗೆ ಇರುವ ಸಮಯದ ಅಂತರ ಒಂದೇ ಇರುವಂತೆ ಮಾಡಿ. ಒಂದೇ ತರಂಗಾಂತರದ ಸಂಕೇತ ಹಿಡಿಯುವ ಸಾಧನವಾದರೆ ಬೇಸ್‌ನಿಂದ ಹತ್ತು ಕಿಲೋಮೀಟರಿನೊಳಗೆ ಕೆಲಸ ಮಾಡುವುದು ಕ್ಷೇಮ. ನಮ್ಮ ಅಕ್ಷಾಂಶಗಳಲ್ಲಿ ಸೂರ್ಯಾಸ್ತದ ನಂತರ ಅಯಾನುಗೋಳ ಕಲಕುವುದುಂಟು. ಆದ್ದರಿಂದ ಅಳತೆಯನ್ನು ಹಗಲಿನಲ್ಲೇ ಮುಗಿಸಿ.

ಎರಡೂ ರಿಸೀವರ್‌ಗಳ ಕಡತಗಳನ್ನು ರೈನೆಕ್ಸ್ ರೂಪಕ್ಕೆ (ಕಚ್ಚಾ ಜಿಪಿಎಸ್ ದತ್ತಾಂಶದ ಸಾಮಾನ್ಯ ಕಡತ ರೂಪ) ತಂದು, ಉಚಿತವಾಗಿ ಸಿಗುವ ಆರ್‌ಟಿಕೆಲಿಬ್ ತಂತ್ರಾಂಶದಲ್ಲಿ ಬೇಸ್‌ನ ನಿರ್ದೇಶಾಂಕ ಮತ್ತು ಆಂಟೆನಾದ ಎತ್ತರವನ್ನು ಕೊಟ್ಟು ಸಂಸ್ಕರಿಸಿ. ಅಳತೆಯ ನಡುವೆ ನಿರ್ದೇಶಾಂಕ ಗೊತ್ತಿರುವ ಇನ್ನೊಂದು ಬಿಂದುವಿನ ಮೇಲೂ ರೋವರನ್ನು ಕೆಲಹೊತ್ತು ನಿಲ್ಲಿಸಿದ್ದರೆ, ಅಲ್ಲಿಯ ಫಲಿತಾಂಶ ಹೊಂದಿಕೆಯಾದ ಮೇಲೆಯೇ ಉಳಿದ ಬಿಂದುಗಳನ್ನು ನಕ್ಷೆಗೆ ಏರಿಸಬಹುದು.