ಗಾಳಿಯಂತ್ರದ ಆಲ್ಟರ್ನೇಟರ್‌ಗೆ ಕಾಯಿಲ್: ಸುತ್ತಿನ ಲೆಕ್ಕ ಮತ್ತು ಸುತ್ತುವ ಕ್ರಮ

ಗಾಳಿಯಂತ್ರದಲ್ಲಿ ವಿದ್ಯುತ್ ಹುಟ್ಟಿಸುವ ಭಾಗ ಆಲ್ಟರ್ನೇಟರ್. ಅದರ ಕಾಯಿಲ್‌ಗೆ, ಅಂದರೆ ತಂತಿಯ ಸುರುಳಿಗೆ, ಎಷ್ಟು ಸುತ್ತು ಎಂಬುದನ್ನು ಇನ್ನೊಬ್ಬರ ಯಂತ್ರ ನೋಡಿ ತೀರ್ಮಾನಿಸಬೇಡಿ. ಅಯಸ್ಕಾಂತದ ದರ್ಜೆಯೋ ಅವನ್ನು ಹೊತ್ತು ತಿರುಗುವ ಡಿಸ್ಕ್‌ಗಳ ನಡುವಿನ ಅಂತರವೋ ತುಸು ಬದಲಾದರೂ ವೋಲ್ಟೇಜ್ ಬದಲಾಗುತ್ತದೆ. 20 ಸುತ್ತಿನ ಒಂದು ಪರೀಕ್ಷಾ ಕಾಯಿಲ್ ಸಾಕು, ಅನುಮಾನ ಉಳಿಯುವುದಿಲ್ಲ.

ಉದಾಹರಣೆಗೆ 2.4 ಮೀಟರ್ ವ್ಯಾಸದ ರೆಕ್ಕೆ, 12 ವೋಲ್ಟ್ ಬ್ಯಾಟರಿ ಇಟ್ಟುಕೊಳ್ಳೋಣ. 300 ಮಿಮೀ ಉಕ್ಕಿನ ಡಿಸ್ಕ್ ಎರಡು; ಒಂದೊಂದರ ಮೇಲೂ 46×30×10 ಮಿಮೀ ನಿಯೋಡಿಮಿಯಂ ಅಯಸ್ಕಾಂತ ಹನ್ನೆರಡು; ನಡುವೆ 9 ಕಾಯಿಲ್, ಮೂರು ಫೇಸ್ (ಮೂರು ಮೂರು ಕಾಯಿಲ್‌ಗಳ ಗುಂಪು). ರೆಕ್ಕೆಯ ತುದಿ ಗಾಳಿಯ ಆರು ಪಟ್ಟು ವೇಗದಲ್ಲಿ ಓಡಿದರೆ ಸೆಕೆಂಡಿಗೆ 3 ಮೀಟರ್ ಗಾಳಿಗೆ ಸುಮಾರು 140 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸಲ). ಚಾರ್ಜ್ ಅಲ್ಲಿಂದಲೇ ಶುರುವಾಗಬೇಕು. ಬ್ಯಾಟರಿಗೆ 12.6, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಡಯೋಡ್‌ಗಳಿಗೆ 1.4, ಒಟ್ಟು 14 ವೋಲ್ಟ್. ಮೂರೂ ಫೇಸ್‌ಗಳ ಒಂದೊಂದು ತುದಿ ಒಟ್ಟಿಗೆ ಸೇರುವ ಸ್ಟಾರ್ ಜೋಡಣೆಯಲ್ಲಿ ಇದನ್ನು 2.45ರಿಂದ ಭಾಗಿಸಿದರೆ ಫೇಸ್‌ಗೆ 5.7, ಕಾಯಿಲ್‌ಗೆ 1.9 ವೋಲ್ಟ್ ಎಸಿ.

ಪರೀಕ್ಷಾ ಕಾಯಿಲನ್ನು ಡಿಸ್ಕ್‌ಗಳ ನಡುವೆ ಹಿಡಿದು 400 ಆರ್‌ಪಿಎಂನಲ್ಲಿ ತಿರುಗಿಸಿ. ಕೈಯಲ್ಲಿ ತಿರುಗಿಸಿದರೆ ಫ್ರೀಕ್ವೆನ್ಸಿ ತೀರಾ ಕಡಿಮೆಯಾಗಿ ಮಲ್ಟಿಮೀಟರ್ ತಪ್ಪು ತೋರಿಸುತ್ತದೆ. 3 ವೋಲ್ಟ್ ಬಂತು ಅನ್ನಿ. 140ಕ್ಕೆ ಅದು 1.05. ಹಾಗಾದರೆ 20×1.9÷1.05, ಅಂದರೆ 36 ಸುತ್ತು. 24 ವೋಲ್ಟ್‌ಗೆ ಸುತ್ತು ಸುಮಾರು ಇಮ್ಮಡಿ, ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ. ‘ಇರಲಿ’ ಎಂದು ಸುತ್ತು ಹೆಚ್ಚಿಸಬೇಡಿ: ಜೋರು ಗಾಳಿಯಲ್ಲೂ ರೆಕ್ಕೆ ವೇಗ ಹಿಡಿಯದೆ ಸೋಲುತ್ತದೆ, ಕಾಯಿಲ್ ಬಿಸಿಯಾಗುತ್ತದೆ.

ಇನ್ನು ಜಾಗ. 1.5 ಮಿಮೀ ಎನಾಮಲ್ (ನಿರೋಧಕ ಲೇಪವಿರುವ) ತಂತಿ ಎರಡನ್ನು ಜೊತೆಯಾಗಿ 36 ಸುತ್ತು ಸುತ್ತಿದರೆ, 13 ಮಿಮೀ ದಪ್ಪದಲ್ಲಿ ಕಾಯಿಲ್‌ನ ಒಂದೊಂದು ಪಕ್ಕ ಸುಮಾರು 18 ಮಿಮೀ ಅಗಲವಾಗುತ್ತದೆ. ನಡುವಿನ ರಂಧ್ರ 30 ಸೇರಿ ಒಟ್ಟು 66. ಅಯಸ್ಕಾಂತಗಳ ಒಳ ಅಂಚಿನ ವೃತ್ತದಲ್ಲಿ ಪ್ರತಿ ಕಾಯಿಲ್‌ಗೆ ಸಿಗುವುದು 72. ಹಿಡಿಸುತ್ತದೆ.

ಅಚ್ಚಿಗೆ ಎರಡು ಪ್ಲೈವುಡ್ ಹಲಗೆ, ನಡುವೆ 46×30 ಅಳತೆಯ, 13 ಮಿಮೀ ದಪ್ಪದ, ಮೂಲೆ ಉಜ್ಜಿದ ತುಂಡು. ಟೇಪ್ ತೂರಿಸಲು ಹಲಗೆಗಳಲ್ಲಿ ಸೀಳು ಬಿಡಿ. ಅಚ್ಚಿನಿಂದ ಬಿಡಿಸುವ ಮುನ್ನವೇ ಕಾಯಿಲ್ ಕಟ್ಟದಿದ್ದರೆ ತಂತಿ ಸಡಿಲಿ ಉಬ್ಬುತ್ತದೆ, ಉಬ್ಬಿದ್ದು ಮುಂದೆ ಅಯಸ್ಕಾಂತಕ್ಕೆ ಉಜ್ಜುತ್ತದೆ. ತಂತಿಯನ್ನು ಬಿಗಿಯಾಗಿ, ಒಂದರ ಪಕ್ಕ ಒಂದು ಕೂರುವಂತೆ ಸುತ್ತಿ. ಸುತ್ತಿಗೆಯಿಂದ ಬಡಿಯುವುದು ಬೇಡವೇ ಬೇಡ, ಎನಾಮಲ್ ಒಡೆಯುತ್ತದೆ. ಒಂಬತ್ತೂ ಒಂದೇ ದಿಕ್ಕಿನಲ್ಲಿರಲಿ. ಪ್ರತಿಯೊಂದರ ಆರಂಭದ ತುದಿಗೆ ಬಣ್ಣ ಹಚ್ಚಿ. ಕೊನೆಗೆ ತೂಗಿ ನೋಡಿ: ಹಗುರವಾದದ್ದರಲ್ಲಿ ಸುತ್ತು ತಪ್ಪಿದೆ.

ಕಾಯಿಲ್‌ಗಳನ್ನು ವೃತ್ತದಲ್ಲಿ ಸಾಲಾಗಿ ಎಣಿಸಿದರೆ 1-4-7, 2-5-8, 3-6-9 ಒಂದೊಂದು ಫೇಸ್: ಒಂದರ ಅಂತ್ಯಕ್ಕೆ ಮುಂದಿನದರ ಆರಂಭ. 1, 2, 3ರ ಆರಂಭಗಳನ್ನು ಒಟ್ಟಿಗೆ ಸೇರಿಸಿ; 7, 8, 9ರ ಅಂತ್ಯಗಳು ರೆಕ್ಟಿಫೈಯರ್‌ಗೆ. ಬೆಸುಗೆಗೆ ಮೊದಲು ಎನಾಮಲನ್ನು ಸುತ್ತಲೂ ಪೂರ್ತಿ ಕೆರೆಯಿರಿ. ಫೇಸ್‌ನಲ್ಲಿ ಒಂದು ಕಾಯಿಲ್ ತಿರುಗುಮುರುಗಾಗಿದ್ದರೆ ಆ ಫೇಸ್‌ನ ವೋಲ್ಟೇಜ್ ಮೂರನೇ ಒಂದಕ್ಕೆ ಇಳಿಯುತ್ತದೆ.

ಕಾಯಿಲ್‌ಗಳನ್ನು ಗಟ್ಟಿಯಾಗಿ ಹಿಡಿದಿಡುವ ರೆಸಿನ್ ಸುರಿಯುವ ಮುನ್ನ ಸ್ಟೇಟರನ್ನು (ಜೋಡಿಸಿದ ಒಂಬತ್ತು ಕಾಯಿಲ್) ಡಿಸ್ಕ್‌ಗಳ ನಡುವೆ ಕೂರಿಸಿ, ರೆಕ್ಟಿಫೈಯರ್‌ಗೆ ಹೋಗುವ ಮೂರೂ ತಂತಿ ಬಿಡಿಯಾಗಿಟ್ಟು ರೋಟರ್ (ಅಯಸ್ಕಾಂತದ ಡಿಸ್ಕ್‌ಗಳು) ತಿರುಗಿಸಿ. ಸಲೀಸಾಗಿ ತಿರುಗದೆ ಜಗ್ಗಿದರೆ ಯಾವುದೋ ಕಾಯಿಲ್‌ನೊಳಗೆ ಶಾರ್ಟ್ ಇದೆ. ರೆಸಿನ್ ಗಟ್ಟಿಯಾದ ಮೇಲೆ ಆ ಕಾಯಿಲ್ ತೆಗೆಯಲು ಬರುವುದಿಲ್ಲ.