ಒತ್ತಕ್ಷರ ಮುಚ್ಚಿಕೊಂಡಾಗ: ಲೇಸರ್ ಯಂತ್ರದ ಮಸೂರ ಮತ್ತು ಕನ್ನಡಿಗಳ ಆರೈಕೆಯಲ್ಲಿ ನನ್ನ ಅನುಭವ

ಸಾಗರದ ನನ್ನ ಸಣ್ಣ ಅಂಗಡಿಯಲ್ಲಿ ನಡೆಯುವ ಕೆಲಸ ಬಹುಪಾಲು ಮನೆಯ ನಾಮಫಲಕ ಮತ್ತು ಸನ್ಮಾನದ ಸ್ಮರಣಿಕೆಗಳದ್ದು. ತೇಗ, ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ್ದು) ಮತ್ತು ಅಕ್ರಿಲಿಕ್ ಹಲಗೆಗಳ ಮೇಲೆ, ಮೇಜಿನ ಮೇಲೆ ಕೂರುವ 40 ವ್ಯಾಟಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ಯಂತ್ರದಿಂದ ಅಕ್ಷರ ಕೆತ್ತುತ್ತೇನೆ. ಯಂತ್ರ ತಂದ ಮೊದಲ ವರ್ಷ ಒಂದು ದಿನ 'ಶ್ರೀ ಲಕ್ಷ್ಮೀ ನಿಲಯ' ಎಂಬ ಫಲಕವನ್ನು ಹೊರತೆಗೆದು ನೋಡಿದಾಗ 'ಕ್ಷ್ಮೀ'ಯ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗಿದ್ದವು. ಅದೇ ಕಡತದಿಂದ ಹಿಂದಿನ ತಿಂಗಳು ಕೆತ್ತಿದ ಫಲಕದಲ್ಲಿ ಆ ಒತ್ತುಗಳ ನಡುವೆ ಮರದ ಬಣ್ಣ ಸ್ಪಷ್ಟವಾಗಿ ಕಾಣುತ್ತಿತ್ತು. ಕೆತ್ತನೆಯ ಆಳವೂ ಕಡಿಮೆಯಾಗಿದ್ದರಿಂದ ನಾನು ಮಾಡಿದ್ದು ಶಕ್ತಿಯನ್ನು ಏರಿಸುವ ಕೆಲಸ. ಲೇಸರ್ ಕಿರಣ ಹುಟ್ಟುವ ಗಾಜಿನ ಟ್ಯೂಬಿಗೆ ಹರಿಯುವ ವಿದ್ಯುತ್ತನ್ನು ತೋರಿಸುವ ಮಿಲಿಆಂಪ್ ಮೀಟರಿನ ಮುಳ್ಳನ್ನು ವಾರದಿಂದ ವಾರಕ್ಕೆ 10ರಿಂದ 16ರವರೆಗೆ ತಂದೆ. ಆಳವೇನೋ ಬಂತು, ಆದರೆ ಅಕ್ಷರದ ಅಂಚು ಇನ್ನಷ್ಟು ಸುಟ್ಟಿತು, ಟ್ಯೂಬಿನ ಆಯುಷ್ಯವೂ ವ್ಯರ್ಥವಾಗಿ ಸವೆಯತೊಡಗಿತು.

ನಮ್ಮೂರು ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದದ್ದು. ಉಳಿ ಮೊಂಡಾದರೆ ಅವರು ಕೊಡತಿಯನ್ನು ಜೋರಾಗಿ ಬೀಸುವುದಿಲ್ಲ, ಉಳಿಯನ್ನು ಸಾಣೆ ಹಿಡಿಯುತ್ತಾರೆ. ಇದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದಿದ್ದರೂ ನನ್ನ ಯಂತ್ರದ ಉಳಿ ಯಾವುದೆಂಬುದು ನನಗೆ ತಡವಾಗಿ ಹೊಳೆಯಿತು.

ಟ್ಯೂಬಿನಿಂದ ಹೊರಟ ಕಿರಣ ಮೂರು ಕನ್ನಡಿಗಳಿಗೆ ಬಡಿದು ತಿರುಗಿ, ಕೊನೆಗೆ ತಲೆಭಾಗದಲ್ಲಿರುವ ಮಸೂರದ ಮೂಲಕ ಹಾದು ಹಲಗೆಯನ್ನು ಸೇರುತ್ತದೆ. ಇದರ ತರಂಗಾಂತರ 10.6 ಮೈಕ್ರಾನ್, ಕಣ್ಣಿಗೆ ಕಾಣದು, ಸಾಮಾನ್ಯ ಗಾಜನ್ನು ದಾಟದು. ಆದ್ದರಿಂದಲೇ ಮಸೂರವನ್ನು ಹಳದಿ ಛಾಯೆಯ ಝಿಂಕ್ ಸೆಲೆನೈಡಿನಿಂದ ಮಾಡಿರುತ್ತಾರೆ. ಲೇಪನವಿಲ್ಲದಿದ್ದರೆ ಆ ವಸ್ತುವಿನ ಒಂದೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಕಿರಣದ ನೂರಕ್ಕೆ ಸುಮಾರು 17 ಪಾಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಅದನ್ನು ತಡೆಯಲೆಂದೇ ಎರಡೂ ಬದಿಗೆ ತೆಳುವಾದ ಲೇಪನವಿರುತ್ತದೆ. ಹೊಗೆಯ ಜಿಡ್ಡು ಕೂರುವುದು, ನಮ್ಮ ಒರಟು ಕೈ ಕೆಡಿಸುವುದು ಈ ಲೇಪನವನ್ನೇ. ಮೂರು ಕನ್ನಡಿ, ಒಂದು ಮಸೂರ, ನಾಲ್ಕೂ ಕಡೆ ನೂರಕ್ಕೆ ಐದರಂತೆ ನಷ್ಟವಾದರೆ ಹಲಗೆಗೆ ತಲುಪುವುದು 81 ಪಾಲು ಮಾತ್ರ. ಕಳೆದುಹೋದ ಶಕ್ತಿ ಸುಮ್ಮನೆ ಮಾಯವಾಗುವುದಿಲ್ಲ. ಮಸಿ ಅದನ್ನು ಹೀರಿ ಮಸೂರವನ್ನು ಕಾಯಿಸುತ್ತದೆ, ಕಾದ ಮಸೂರದಲ್ಲಿ ನಾಭಿ, ಅಂದರೆ ಕಿರಣ ಒಂದೆಡೆ ಸೇರುವ ಬಿಂದು, ಸರಿಯುತ್ತದೆ, ಕೂದಲೆಳೆಯಷ್ಟಿರಬೇಕಾದ ಚುಕ್ಕೆ ಅಗಲವಾಗುತ್ತದೆ. ನನ್ನ ಒತ್ತಕ್ಷರಗಳು ಮುಚ್ಚಿಕೊಂಡದ್ದು ಹೀಗೆ.

ಕಾರಣ ತಿಳಿದ ಮೇಲೂ ಮೊದಲ ಸಲ ನಾನು ಶುಚಿಗೊಳಿಸಿದ ರೀತಿ ತಪ್ಪಾಗಿತ್ತು. ಆಲ್ಕೋಹಾಲ್ ಇದೆಯೆಂಬ ಒಂದೇ ಕಾರಣಕ್ಕೆ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರನ್ನು ಹತ್ತಿಗೆ ಸವರಿ ಮಸೂರವನ್ನು ಗಸಗಸನೆ ಉಜ್ಜಿದೆ. ಅದರಲ್ಲಿ ಚರ್ಮ ಒಣಗದಿರಲೆಂದು ಗ್ಲಿಸರಿನ್ ಬೆರೆಸಿರುತ್ತಾರೆ. ಕಣ್ಣಿಗೆ ಫಳಫಳ ಹೊಳೆಯುತ್ತಿದ್ದ ಮಸೂರದ ಮೇಲೆ ಅದರ ಪದರ ಉಳಿದುಕೊಂಡು, ಮರುದಿನ ಎಂಡಿಎಫ್ ಕತ್ತರಿಸುತ್ತಿದ್ದಾಗ ಕಾದು ಕಂದಿ, ಮಸೂರ ನಟ್ಟನಡುವೆ ಸೀಳಿತು. ಸೆಲೆನಿಯಂ ಇರುವ ವಸ್ತುವಾದ್ದರಿಂದ ಒಡೆದ ಚೂರನ್ನು ಪೊರಕೆಯಿಂದ ಗುಡಿಸಬಾರದು. ಕೈಗವಸು ಮತ್ತು ಮುಖಗವಸು ಧರಿಸಿ, ಒದ್ದೆ ಟಿಶ್ಯೂವಿನಿಂದ ಒತ್ತಿ ತೆಗೆದು, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಅಪಾಯಕಾರಿ ತ್ಯಾಜ್ಯವೆಂದು ಚೀಟಿ ಅಂಟಿಸಿ ಬೇರೆಯಾಗಿ ಇಟ್ಟೆ.

ಈಗ ನಾನು ಅನುಸರಿಸುವ ಕ್ರಮದಲ್ಲಿ ಮೊದಲು ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದಲೇ ಕೀಳುತ್ತೇನೆ. ಟ್ಯೂಬಿಗೆ ಹೋಗುವ ವಿದ್ಯುತ್ ಸಾವಿರಾರು ವೋಲ್ಟಿನದು. ಮಸೂರ ಪೂರ್ತಿ ತಣಿಯುವವರೆಗೆ ಕಾಯುತ್ತೇನೆ. ಕೈ ತೊಳೆದು, ಪುಡಿ ಇಲ್ಲದ ಕೈಗವಸು ಹಾಕಿಕೊಂಡು, ಮೇಜಿನ ಮೇಲೆ ಮಡಿಸಿದ ಬಟ್ಟೆ ಹಾಸಿ, ಅದರ ಮೇಲೆ ಮಸೂರಕ್ಕೆಂದೇ ಸಿಗುವ ಕಾಗದವನ್ನು ಇಟ್ಟು, ಮಸೂರವನ್ನು ಅಂಚಿನಲ್ಲಿ ಮಾತ್ರ ಹಿಡಿದು ಅಲ್ಲಿಗೆ ಇಳಿಸುತ್ತೇನೆ. ರಬ್ಬರ್ ಬುರುಡೆಯಿಂದ ಗಾಳಿ ಊದಿ ಧೂಳನ್ನು ಹಾರಿಸುವುದು ಇದರ ನಂತರದ ಕೆಲಸ. ಇದನ್ನು ಬಿಟ್ಟು ನೇರವಾಗಿ ಒರೆಸಿದರೆ ಅದೇ ಧೂಳು ಉಪ್ಪುಕಾಗದದಂತೆ ಲೇಪನವನ್ನು ಗೀರುತ್ತದೆ. ಬಾಯಿಂದ ಊದಿದರೆ ಎಂಜಲಿನ ಹನಿ ಸಿಡಿಯುತ್ತದೆಯಾದ್ದರಿಂದ ಅದೂ ಬೇಡ.

ಬಳಸುವ ದ್ರವ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್. 70ರದ್ದರಲ್ಲಿ ನೀರು ಹೆಚ್ಚಿದ್ದು, ಒಣಗುವಾಗ ಕಲೆ ಉಳಿಸುತ್ತದೆ. ಹೊಸ ಕಾಗದದ ಹಾಳೆಯೊಂದನ್ನು ಮಸೂರದ ಮೇಲೆ ಹಾಸಿ, ಒಂದೆರಡು ಹನಿ ಬಿಟ್ಟು, ಕಾಗದ ಮಸೂರಕ್ಕೆ ಅಂಟಿದೊಡನೆ ಅದನ್ನು ಬೆರಳಿನಿಂದ ಒತ್ತದೆ ಒಂದೇ ದಿಕ್ಕಿಗೆ ನಿಧಾನವಾಗಿ ಎಳೆಯುತ್ತೇನೆ. ಕಾಗದದ ಒದ್ದೆ ಭಾಗ ಮುಂದೆ ಸಾಗಿ ಒಣ ಭಾಗ ಹಿಂದಿನಿಂದ ಬರುವುದರಿಂದ ಜಿಡ್ಡು ಕರಗಿದ ದ್ರವವೂ ಅದರೊಂದಿಗೇ ಹೊರಟುಹೋಗುತ್ತದೆ. ಕಾಗದದಲ್ಲಿ ಕಂದು ಗೆರೆಯೊಂದು ಮೂಡುತ್ತದೆ, ಎಂಡಿಎಫಿನ ಅಂಟಿನ ಹೊಗೆಯ ಬಣ್ಣವದು. ಗೆರೆ ಕಾಣುವುದು ನಿಲ್ಲುವವರೆಗೆ ಪ್ರತಿಸಲ ಹೊಸ ಹಾಳೆಯಿಂದ ಎಳೆಯುತ್ತೇನೆ, ಆಮೇಲೆ ಮಗುಚಿ ಇನ್ನೊಂದು ಬದಿಗೂ ಹಾಗೆಯೇ ಮಾಡುತ್ತೇನೆ. ಇಷ್ಟಾದರೂ ಬಿಡದ ಕಲೆಯಿದ್ದರೆ ಅದು ಲೇಪನವೇ ಸುಟ್ಟ ಗುರುತು ಎಂದು ತಿಳಿದು ಹೊಸ ಮಸೂರ ಹಾಕುತ್ತೇನೆ. ಉಜ್ಜಿ ಗೆದ್ದದ್ದು ಒಮ್ಮೆಯೂ ಇಲ್ಲ.

ಮರಳಿ ಕೂರಿಸುವಾಗ ಉಬ್ಬಿದ ಬದಿ ಮೇಲಕ್ಕೆ, ಚಪ್ಪಟೆ ಬದಿ ಹಲಗೆಯ ಕಡೆಗೆ ಇರಬೇಕು. ಯಾವುದು ಯಾವುದೆಂದು ಬೆರಳಿನಿಂದ ಸವರಿ ನೋಡುವ ಬದಲು ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಓರೆಯಾಗಿ ಹಿಡಿಯುತ್ತೇನೆ. ಉಬ್ಬಿದ ಮುಖದ ಮೇಲೆ ದೀಪದ ಬಿಂಬ ಕುಗ್ಗಿ ಕಾಣುತ್ತದೆ, ಚಪ್ಪಟೆ ಮುಖದ ಮೇಲೆ ಕುಗ್ಗದೆ ನೇರವಾಗಿ ಕಾಣುತ್ತದೆ. ತಲೆಕೆಳಗಾದ ಮಸೂರವೂ ಕೆತ್ತುತ್ತದೆ, ಆದರೆ ಗೆರೆ ದಪ್ಪವಾಗುತ್ತದೆ. ಹಿಡಿಕೆಯ ಉಂಗುರವನ್ನು ಮಸೂರ ಅಲುಗದಷ್ಟು ಬಿಗಿದರೆ ಸಾಕು. ಆಲ್ಕೋಹಾಲ್ ಪೂರ್ತಿ ಆರಿ, ಸೀಸೆಯನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆಯೇ ಯಂತ್ರಕ್ಕೆ ವಿದ್ಯುತ್ ಕೊಡುತ್ತೇನೆ.

ಕನ್ನಡಿಗಳನ್ನು ಆದಷ್ಟು ಕಳಚುವುದಿಲ್ಲ, ಕಳಚಿದರೆ ಕಿರಣದ ದಾರಿ ತಪ್ಪುವ ಸಂಭವವಿದೆ. ನನ್ನವು ಚಿನ್ನದ ಲೇಪನದ ಸಿಲಿಕಾನ್ ಕನ್ನಡಿಗಳು. ಚಿನ್ನ ಮೆದು ಲೋಹವಾದ್ದರಿಂದ ಬಡ್ಸನ್ನು ಆಲ್ಕೋಹಾಲಿನಲ್ಲಿ ಅದ್ದಿ, ಅದರ ತೂಕವಷ್ಟೇ ಬೀಳುವಂತೆ ಒಂದು ಬಾರಿ ಉರುಳಿಸಿ ಎಸೆಯುತ್ತೇನೆ. ಎಂಡಿಎಫ್ ಕತ್ತರಿಸಿದ ದಿನ ಸಂಜೆ ಮಸೂರವನ್ನು, ವಾರಕ್ಕೊಮ್ಮೆ ಹೊಗೆಗೆ ಹತ್ತಿರವಿರುವ ಮೂರನೆಯ ಕನ್ನಡಿಯನ್ನು, ತಿಂಗಳಿಗೊಮ್ಮೆ ಉಳಿದೆರಡನ್ನು ಪರೀಕ್ಷಿಸುತ್ತೇನೆ. ಆಮೇಲೆ ಕನ್ನಡಿಯ ಚೌಕಟ್ಟಿನ ಬಾಯಿಗೆ ಕಾಗದದ ಅಂಟುಪಟ್ಟಿ ಹಚ್ಚಿ, ಮುಚ್ಚಳ ಮುಚ್ಚಿ, ಕಡಿಮೆ ಶಕ್ತಿಯಲ್ಲಿ ಒಂದು ಕ್ಷಣ ಕಿರಣ ಬಿಟ್ಟು, ಹಲಗೆ ಇಡುವ ಹಾಸಿನ ನಾಲ್ಕು ಮೂಲೆಗಳಿಗೆ ತಲೆಭಾಗವನ್ನು ಒಯ್ದಾಗಲೂ ಚುಕ್ಕೆ ಒಂದೇ ಜಾಗದಲ್ಲಿ ಬೀಳುತ್ತದೆಯೇ ಎಂದು ನೋಡುತ್ತೇನೆ. ಪಟ್ಟಿ ಕನ್ನಡಿಗೆ ತಾಗಿಕೊಂಡಿದ್ದರೆ ಅದು ಸುಟ್ಟ ಹೊಗೆ ಈಗಷ್ಟೇ ಒರೆಸಿದ ಕನ್ನಡಿಯ ಮೇಲೆಯೇ ಕೂರುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ಟ್ಯೂಬನ್ನು ತಣಿಸುವ ನೀರಿಗೆ ಬೇಸಗೆಯಲ್ಲಿ ಐಸ್ ಬಾಟಲಿ ಇಳಿಸುವ ರೂಢಿಯನ್ನು ಜುಲೈನಲ್ಲಿಯೂ ಮುಂದುವರಿಸಿದ್ದೆ. ಒಂದು ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಟ್ಯೂಬಿನ ತುದಿಯಲ್ಲಿ, ಕಿರಣ ಹೊರಬೀಳುವ ಕಡೆಯೇ, ತಣ್ಣೀರಿನ ಲೋಟದ ಹೊರಮೈಯಂತೆ ಸಣ್ಣ ಹನಿಗಳು ಮೂಡಿದ್ದವು. ಆ ತೇವಕ್ಕೆ ಧೂಳು ಅಂಟಿದರೆ ಅದು ಅಲ್ಲಿಯೇ ಸುಟ್ಟು ಕೂರುತ್ತದೆ. ಅಂದಿನಿಂದ ಮಳೆಗಾಲದಲ್ಲಿ ಐಸ್ ಹಾಕುವುದನ್ನು ನಿಲ್ಲಿಸಿ, ಕೋಣೆಯ ಉಷ್ಣತೆಯ ನೀರನ್ನೇ ಬಳಸುತ್ತ, ನಡುನಡುವೆ ಯಂತ್ರಕ್ಕೆ ಬಿಡುವು ಕೊಡುತ್ತೇನೆ. ತಲೆಭಾಗದ ಮೂತಿಯಿಂದ ಗಾಳಿ ಊದಿ ಹೊಗೆಯನ್ನು ಮಸೂರದಿಂದ ದೂರವಿಡುವ ಸಣ್ಣ ಕಂಪ್ರೆಸರಿಗೂ ನೀರು ಮತ್ತು ಎಣ್ಣೆಯನ್ನು ಹಿಡಿಯುವ ಫಿಲ್ಟರ್ ಹಾಕಿಸಿದ್ದೇನೆ, ಇಲ್ಲವಾದರೆ ಅದರ ಎಣ್ಣೆಯ ತುಂತುರು ಮಸೂರಕ್ಕೇ ಬಡಿಯುತ್ತದೆ. ಪಿವಿಸಿ ಹಾಳೆ ತಂದು ಕತ್ತರಿಸಿಕೊಡಿ ಎನ್ನುವವರಿಗೆ ಆಗುವುದಿಲ್ಲ ಎನ್ನುತ್ತೇನೆ. ಅದು ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಕನ್ನಡಿಯನ್ನೂ ತಿನ್ನುತ್ತದೆ, ಶ್ವಾಸಕೋಶವನ್ನೂ ಬಿಡುವುದಿಲ್ಲ.

ಈಗ ಪ್ರತಿದಿನ ಕೆಲಸ ಆರಂಭಿಸುವ ಮುನ್ನ ತೇಗದ ತುಂಡೊಂದರ ಮೇಲೆ ನಾಲ್ಕು ಮಿಲಿಮೀಟರ್ ಎತ್ತರದ 'ಲಕ್ಷ್ಮೀ' ಪದವನ್ನು 10 ಮಿಲಿಆಂಪಿನಲ್ಲಿ ಕೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆಯುತ್ತೇನೆ. ಭೂತಗನ್ನಡಿಯಲ್ಲಿ ನೋಡಿದಾಗ ಷಕಾರದ ಒತ್ತಿಗೂ ಮಕಾರದ ಒತ್ತಿಗೂ ನಡುವೆ ಮರದ ಬಣ್ಣ ಕಂಡರೆ ಮೊದಲ ಫಲಕವನ್ನು ಹಾಸಿನ ಮೇಲಿಡುತ್ತೇನೆ. ಕಾಣದಿದ್ದರೆ ಶಕ್ತಿಯ ಗುಬುಟನ್ನು ಮುಟ್ಟದೆ ಪ್ಲಗ್ಗನ್ನು ಕೀಳುತ್ತೇನೆ.