ಲಂಡನ್ ರೇಟು ನೋಡಿ ರೋಬಸ್ಟಾ ಮಾರುವುದು: ನನ್ನ ಅನುಭವ

ಕೊಡಗಿನ ಸಿದ್ದಾಪುರದ ಕಡೆ ನಮ್ಮದೊಂದು ಸಣ್ಣ ತೋಟ, ರೋಬಸ್ಟಾ ಜಾತಿಯ ಕಾಫಿಯದು. ಅಪ್ಪನ ಕಾಲದಲ್ಲಿ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಬೆಳೆ ಒಟ್ಟುಮಾಡಿ ಬೋರ್ಡೇ ಮಾರುವ ವ್ಯವಸ್ಥೆಗೆ, ಹಾಕಿದರೆ ಮುಗಿಯಿತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 90ರ ದಶಕದಲ್ಲಿ ಆ ಪದ್ಧತಿ ಹೋಯಿತು. ಈಗ ಯಾವಾಗ ಮಾರಬೇಕು ಅನ್ನೋದು ನಮ್ಮದೇ ತಲೆನೋವು.

ನಾನು ಮೊದಲು ನೋಡುವುದು ಲಂಡನ್ ರೇಟು. ರೋಬಸ್ಟಾ ವ್ಯಾಪಾರ ಅಲ್ಲಿನ ವಾಯಿದಾ ಪೇಟೆಯಲ್ಲಿ (ಮುಂದೆ ಕೊಡುವ ಮಾಲಿಗೆ ಈಗಲೇ ರೇಟು ಕಟ್ಟುವ ಜಾಗ) ಟನ್ನಿಗೆ ಇಷ್ಟು ಡಾಲರ್ ಅಂತ ನಡೆಯುತ್ತದೆ. ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಅಂದುಕೊಳ್ಳಿ. ಕೆಜಿ ಬೀಜಕ್ಕೆ 340 ರೂಪಾಯಿ. 50 ಕೆಜಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಯಲ್ಲಿ 26 ಕೆಜಿ ಬೀಜ ಸಿಕ್ಕರೆ, ಅಂದರೆ ಔಟ್‌ಟರ್ನ್ 26 ಇದ್ದರೆ, ಮೂಟೆಗೆ 8,840. ಅದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು), ಲಾರಿ ಬಾಡಿಗೆ, ವ್ಯಾಪಾರಿಯ ಲಾಭ ಕಳೆಯಬೇಕು. ಇಷ್ಟು ಲೆಕ್ಕ ಹಾಕಿಕೊಂಡು ಹೋದರೆ ಅವರು ಹೇಳುವ ರೇಟು ಸರಿಯೋ ಕಡಿಮೆಯೋ ಅಲ್ಲೇ ಗೊತ್ತಾಗುತ್ತದೆ.

ಔಟ್‌ಟರ್ನ್ 28 ಬಂದರೆ ಅದೇ ಮೂಟೆಗೆ 680 ರೂಪಾಯಿ ಜಾಸ್ತಿ. ಹಾಗಾಗಿ ಹಣ್ಣಾದ ಮೇಲೇ ಕೊಯ್ಯಿಸುತ್ತೇನೆ. ಕಣದಲ್ಲಿ ಒಣಗಿದ ಚೆರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಅನ್ನದಿದ್ದರೆ ಇನ್ನೂ ಬಿಸಿಲು ಬೇಕು. ಮೂಟೆ ಕಟ್ಟುವ ಮೊದಲು ಮೀಟರ್ ಇಟ್ಟು ತೇವಾಂಶವನ್ನೂ ನೋಡುತ್ತೇನೆ.

ಆಮೇಲೆ ವಿಯೆಟ್ನಾಂ ಹವಾಮಾನ. ರೋಬಸ್ಟಾದಲ್ಲಿ ಅವರೇ ಮೊದಲು. 2024ರಲ್ಲಿ ಅಲ್ಲಿ ಬರ ಬಿತ್ತು. ಅದಕ್ಕೂ ಮುಂಚಿನಿಂದಲೇ ಎಷ್ಟೋ ರೈತರು ಕಾಫಿ ಕಿತ್ತು ಡುರಿಯನ್ ಹಣ್ಣಿನ ಗಿಡ ಹಾಕುತ್ತಿದ್ದರು, ಚೀನಾದವರು ಒಳ್ಳೆ ದುಡ್ಡು ಕೊಡುತ್ತಾರೆ ಅಂತ. ಆ ಸೆಪ್ಟೆಂಬರಿನಲ್ಲಿ ಲಂಡನ್ ರೇಟು 5,000 ಡಾಲರಿಗಿಂತ ಮೇಲಿತ್ತು. ಚೀನಾದವರ ಹಣ್ಣಿನ ಚಪಲಕ್ಕೆ ಸಿದ್ದಾಪುರದಲ್ಲಿ ಕಾಫಿ ರೇಟು ಏರೋದು ಅಂದರೆ ತಮಾಷೆ ಅಲ್ವಾ!

ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲು ಹೊರಗೇ ಹೋಗುತ್ತದೆ, ಅದರಲ್ಲೂ ಇಟಲಿಗೆ ಜಾಸ್ತಿ. 2023ರ ಕೊನೆಯಲ್ಲಿ ಆ ದಾರಿಯ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋದವು. ಬಾಡಿಗೆ ಏರಿತು. ಅಂಥ ಹೊತ್ತಲ್ಲಿ ಲಂಡನ್ ರೇಟು ಒಂದನ್ನೇ ನಂಬಿ ಕೂತರೆ ಆಗಲ್ಲ, ರಫ್ತು ಮಾಡುವವರನ್ನೂ ಕೇಳಬೇಕು.

ಇಷ್ಟೆಲ್ಲ ನೋಡಿದರೂ ಪೂರ್ತಿ ಬೆಳೆ ಒಂದೇ ಸಲ ಮಾರಲ್ಲ. ಕೊಯ್ಲಿನ ಕೂಲಿ, ಗೊಬ್ಬರದ ಸಾಲಕ್ಕೆ ಬೇಕಾದಷ್ಟು ಮೊದಲೇ ಮಾರುತ್ತೇನೆ. ಉಳಿದದ್ದರಲ್ಲಿ ದೊಡ್ಡ ಪಾಲು ಏಪ್ರಿಲ್ ಒಳಗೆ ಹೋಗುತ್ತದೆ, ಯಾಕಂದರೆ ಆಮೇಲೆ ಬ್ರೆಜಿಲಿನ ಕೊಯ್ಲು ಶುರುವಾಗಿ ರೇಟು ಇಳಿಯಬಹುದು. ಕೆಲವು ಮೂಟೆ ಮಾತ್ರ ಜುಲೈವರೆಗೆ ಇಟ್ಟುಕೊಳ್ಳುತ್ತೇನೆ. ಬ್ರೆಜಿಲಿನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟರೆ ರೇಟು ಜಿಗಿಯುತ್ತದೆ, 2021ರಲ್ಲಿ ಹಾಗೇ ಆಗಿತ್ತು.